ಅಂಗಳ ದಾಟಿ ಹೋಗುವ ದಾರಿ

ಆ ವರ್ಷದ ಜನವರಿಯಲ್ಲಿ ನನ್ನ ಗಂಡನಿಗೆ ಹೃದಯಾಘಾತವಾಯಿತು. ಇವರಿಗೆ ಆಗ ನಲವತ್ತೊಂದು. ನಾವು ಜೆರಿಕೋ ಎಂಬ ಉಪನಗರದಲ್ಲಿ ಮನೆ ಮಾಡಿ ನಾಲ್ಕು ವರ್ಷವಾಗಿತ್ತು. ನಾನು ದಿನಾ ರೈಲು ಹಿಡಿದು ಮ್ಯಾನ್‌ಹಟನ್ನಿಗೆ ಹೋಗಿ ಒಂದು ಸುದ್ದಿ ಸಂಸ್ಥೆಯಲ್ಲಿ ವರದಿಗಳನ್ನು ತಿದ್ದುತ್ತಿದ್ದೆ. ಮಾರ್ಚ್‌ನಲ್ಲಿ ಡಾಕ್ಟರು, "ಇನ್ನು ಹೆದರಬೇಡಿ, ದಿನಾ ನಡೆಯಿರಿ" ಎಂದರು.

ಜೆರಿಕೋದಲ್ಲಿ ನಡೆಯುವುದು ಅಷ್ಟು ಸುಲಭವಿರಲಿಲ್ಲ. ನಮ್ಮ ಬೀದಿಗೆ ಫುಟ್‌ಪಾತೇ ಇರಲಿಲ್ಲ. ಹುಲ್ಲುಹಾಸು ಮುಗಿದಲ್ಲಿ ಕಾರುಗಳ ರಸ್ತೆ. ಮೊದಲ ವಾರ ಮೂರು ಕಾರುಗಳು ಇವರ ಪಕ್ಕದಲ್ಲಿ ನಿಂತವು. ಗಾಡಿ ಕೆಟ್ಟಿದೆಯೇ, ಎಲ್ಲಿಗಾದರೂ ಬಿಡಲೇ ಎಂದು ಕೇಳಿದರು. ನಾಲ್ಕನೆಯದು ಪೊಲೀಸ್ ಕಾರು. ಮರ್ಯಾದೆಯಿಂದಲೇ ಮಾತಾಡಿಸಿದರು. ಆದರೆ ಮರುದಿನದಿಂದ ಇವರು ಹೊರಗೆ ಕಾಲಿಡಲಿಲ್ಲ. ಸೋಫಾದಲ್ಲಿ ಕೂತು, ಬಲಗೈಯ ಎರಡು ಬೆರಳನ್ನು ಎಡಗೈ ಮಣಿಕಟ್ಟಿನ ಮೇಲಿಟ್ಟು ಗಡಿಯಾರ ನೋಡುವುದು ರೂಢಿಯಾಯಿತು. ಮೆಟ್ಟಿಲು ಹತ್ತುವ ಮುಂಚೆ ಒಮ್ಮೆ, ಹತ್ತಿದ ಮೇಲೆ ಒಮ್ಮೆ. "ಎಷ್ಟು?" ಎಂದರೆ ಹೇಳುತ್ತಿದ್ದರು. ನಾನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಬರೆದರೆ ಭಯ ಹಿಡಿತಕ್ಕೆ ಸಿಗುತ್ತದೆ ಎಂದುಕೊಂಡಿದ್ದೆ. ಸಿಕ್ಕಿದ್ದು ಅಂಕಿಗಳು ಮಾತ್ರ.

ನನ್ನ ಪಕ್ಕದ ಮೇಜಿನಲ್ಲಿ ಒಬ್ಬ ಇಂಗ್ಲಿಷ್ ಮುದುಕರಿದ್ದರು. ಅವರಿಗೆ ವಿಷಯ ಗೊತ್ತಾದಾಗ ಒಂದು ನಕ್ಷೆ ತಂದುಕೊಟ್ಟರು. ಅವರ ಸೀಮೆಯಲ್ಲಿ ಹೊಲಗಳ ನಡುವೆ ಕಾಲುದಾರಿಗಳಿವೆ, ಊರಿಂದೂರಿಗೆ ನಡೆದುಹೋಗಬಹುದು, ಯಾಕೆ ನಡೀತಿದ್ದೀರಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ ಎಂದರು. ಆ ಕೊನೆಯ ಮಾತು ಇವರಿಗೆ ಹಿಡಿಸಿತು. ಆಗಸ್ಟಿನಲ್ಲಿ ಐದು ದಿನ, ದಿನಕ್ಕೆ ಐದಾರು ಮೈಲಿ, ಸಂಜೆಗೊಂದು ಹಳ್ಳಿಯ ತಂಗುಮನೆ ಎಂದು ತೀರ್ಮಾನವಾಯಿತು. ಡಾಕ್ಟರೂ ಒಪ್ಪಿದರು.

ಹೊರಡುವ ಮುಂಚಿನ ಭಾನುವಾರ ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲಿ ಧಾರವಾಡದ ಗೆಳತಿಯೊಬ್ಬರ ಮನೆಯಲ್ಲಿ ಊಟ.

"ಅಲ್ರೀ, ಇಷ್ಟು ದೂರ ಹೋಗಿ ಹೊಲದಾಗ ಅಡ್ಡಾಡಿ ಬರ್ತೀರೇನು?" ಎಂದರು ಆಕೆ, ರೊಟ್ಟಿ ಬಡಿಸುತ್ತಾ. "ರಾಣಿ ಅರಮನಿ ನೋಡೂದಿಲ್ಲ, ಮ್ಯೂಸಿಯಮ್ ಇಲ್ಲ. ಸ್ಲೈಡ್ ಶೋದಾಗ ನಮಗ ಏನ್ ತೋರಸ್ತೀರಿ, ಕುರೀನ?"

"ಕುರಿ ಕಂಡ್ರೆ ಕುರೀನೇ ತೋರಿಸ್ತೀನಿ ಕಣ್ರೀ," ಎಂದು ಇವರು ನಕ್ಕರು. ನಕ್ಕ ಮೇಲೆ ಮೇಜಿನ ಕೆಳಗೆ ಬೆರಳು ಮಣಿಕಟ್ಟಿಗೆ ಹೋಯಿತು. ನಾನು ನೋಡಿದೆ.

ಆ ಐದು ದಿನಗಳ ಮೈಲಿ, ಹೊರಟ ಹೊತ್ತು, ತಲುಪಿದ ಹೊತ್ತು ಎಲ್ಲವೂ ನನ್ನ ನೋಟ್‌ಬುಕ್ಕಿನಲ್ಲಿವೆ. ನೆನಪಿನಲ್ಲಿ ಮಾತ್ರ ಅವು ಬೇರೆಬೇರೆ ದಿನಗಳಾಗಿ ಉಳಿದಿಲ್ಲ. ಒಂದೇ ಒಂದು ಉದ್ದನೆಯ, ಮುಗಿಯದ ಮಧ್ಯಾಹ್ನ. ಮೊಣಕಾಲೆತ್ತರದ ಹುಲ್ಲು, ಅದರೊಳಗೆ ಬೈತಲೆಯಂತೆ ಒಂದು ಸಣ್ಣ ದಾರಿ. ಬೇಲಿಗೊಂದು ಮರದ ಮೆಟ್ಟಿಲು. ಹತ್ತಿ ಇಳಿದರೆ ಇನ್ನೊಂದು ಹೊಲ, ಅದೇ ಬೆಳಕು. ಮಂಜು ಎಷ್ಟು ಬೆಳ್ಳಗಿತ್ತೆಂದರೆ ಕುರಿಗಳು ಅದರಿಂದಲೇ ಒಂದೊಂದಾಗಿ ತಯಾರಾಗಿ ಬರುತ್ತಿದ್ದಂತಿತ್ತು. ಎಲ್ಲೋ ಚರ್ಚಿನ ಗಂಟೆ ಹೊಡೆಯುತ್ತಿತ್ತು. ಯಾವ ಊರಿನದೆಂದು ತಿಳಿಯುವಷ್ಟರಲ್ಲಿ ನಿಂತುಹೋಗುತ್ತಿತ್ತು. ನಿದ್ದೆಯಲ್ಲಿ ನಡೆಯುವವರು ಹೀಗೆಯೇ ಇರಬೇಕು.

ಎಚ್ಚರವಾಗುತ್ತಿದ್ದುದು ರೈತರ ಮನೆ ಬಂದಾಗ. ಕಾಲುದಾರಿ ಎಷ್ಟೋ ಕಡೆ ಮನೆಯ ಅಂಗಳದೊಳಗೇ ಹಾದುಹೋಗುತ್ತಿತ್ತು, ಒಣಹಾಕಿದ ಬಟ್ಟೆಯ ಪಕ್ಕದಲ್ಲಿ, ಅಡುಗೆಮನೆಯ ಕಿಟಕಿಯ ಕೆಳಗೆ. ಬೇರೆ ನಡಿಗೆಯವರು ನೇರ ದಾಟಿ ಹೋಗುತ್ತಿದ್ದರು. ಇವರಿಗೆ ಅದು ಆಗುತ್ತಿರಲಿಲ್ಲ.

"ದಾರಿ ಎಲ್ಲರದೂ ಅಂತ ಬೋರ್ಡೇ ಇದೆಯಲ್ರೀ," ಎಂದೆ.

"ಬೋರ್ಡ್ ಇರಲಿ ಕಣೇ. ಒಬ್ಬರ ಅಂಗಳದಲ್ಲಿ ಹೇಳದೆ ಕೇಳದೆ ಹೋಗೋದಾ? ನಮ್ಮನೇಲಿ ಯಾರಾದ್ರೂ ಹಾಗೆ ಹೋದ್ರೆ ನೀನು ಸುಮ್ಮನಿರ್ತೀಯಾ?"

ಸರಿ, ಪ್ರತಿ ಮನೆಯ ಬಾಗಿಲು ತಟ್ಟುವುದು. ಯಾರೋ ಹಿಟ್ಟಿನ ಕೈಯಲ್ಲೇ ಬಂದು, ಅರ್ಥವಾಗದೆ ನಮ್ಮನ್ನು ನೋಡಿ, "ಕೇಳಬೇಕಿಲ್ಲವಲ್ಲ" ಎನ್ನುವುದು. ಆಮೇಲೆ, ಬಾಗಿಲಿಗೆ ಬಂದವರೆಂದು, ಟೀ. ಕೊಟ್ಟ ಟೀ ಬೇಡವೆನ್ನುವುದು ಇವರಿಗೆ ಇನ್ನೂ ದೊಡ್ಡ ಅಪಚಾರ. ಮೂರು ದಿನದಲ್ಲಿ ಒಂಬತ್ತು ಮನೆಗಳ ಟೀ ಕುಡಿದೆವು. ಐದು ಮೈಲಿಗೆ ಇಡೀ ದಿನ ಹಿಡಿಯುತ್ತಿತ್ತು. ಪ್ರತಿ ಏರಿನ ಬುಡದಲ್ಲೂ ತುದಿಯಲ್ಲೂ ಇವರು ನಿಂತು ನಾಡಿ ಎಣಿಸುತ್ತಿದ್ದರು. ನಾನು ಬರೆಯುತ್ತಿದ್ದೆ.

ನಾಲ್ಕನೆಯ ದಿನ ದೊಡ್ಡ ಗುಡ್ಡವಿತ್ತು. ಅದನ್ನು ಹತ್ತಿ ಇಳಿದರೆ ಆ ರಾತ್ರಿ ಉಳಿಯುವ ಹಳ್ಳಿ. ಗುಡ್ಡದ ಬುಡದಲ್ಲಿ ಒಂದೇ ಮನೆ. ಅಷ್ಟರಲ್ಲಿ ನನ್ನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದು, ಶೂ ಮೆಟ್ಟಲು ಆಗದಂತಾಗಿತ್ತು. ಇವರು ಬಾಗಿಲು ತಟ್ಟಿದರು. ಯಾರೂ ಬರಲಿಲ್ಲ. ಹೊಸಿಲಿನ ಮುಂದೆ ಇಪ್ಪತ್ತು ನಿಮಿಷ ಕಾದೆವು. ಕೊನೆಗೆ ಒಬ್ಬ ಅಜ್ಜಿ ಕೋಳಿಗೂಡಿನ ಕಡೆಯಿಂದ ಬಂದರು. ಇವರು ಎಂದಿನಂತೆ ಅಪ್ಪಣೆ ಕೇಳಿದರು.

ಅಜ್ಜಿ ನಗಲಿಲ್ಲ. "ಈ ದಾರಿ ನಮ್ಮ ಮನೆಗಿಂತ ಹಳೆಯದು," ಎಂದರು ಇಂಗ್ಲಿಷಿನಲ್ಲಿ, ನಿಧಾನವಾಗಿ. "ಅಡ್ಡ ಬಂದು ಕಟ್ಟಿದವರು ನಾವು. ಕೇಳುವುದಾದರೆ ನಿಮ್ಮನ್ನು ನಾವು ಕೇಳಬೇಕು."

ನನ್ನ ಕಾಲು ನೋಡಿ ಒಳಗೆ ಕೂರಿಸಿದರು. ಅವರ ಮಗ ನಾಲ್ಕು ಗಂಟೆಗೆ ವ್ಯಾನಿನಲ್ಲಿ ಆ ಹಳ್ಳಿಗೇ ಹೋಗುತ್ತಾನೆ, ಇಬ್ಬರೂ ಹೋಗಬಹುದು ಎಂದರು. ನನಗೆ ಸಮಾಧಾನವಾಯಿತು. ಇವರು ಕಿಟಕಿಯಿಂದ ಗುಡ್ಡ ನೋಡುತ್ತಿದ್ದರು.

"ನೀನು ವ್ಯಾನಲ್ಲಿ ಬಾ. ನಾನು ನಡ್ಕೊಂಡು ಬರ್ತೀನಿ."

"ಒಬ್ಬರೇನಾ?"

"ದಾರಿ ಇದೆಯಲ್ಲ."

ನಾಲಿಗೆಯಡಿ ಇಡುವ ಮಾತ್ರೆಯ ಸೀಸೆ ಕೊಟ್ಟೆ. ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟರು.

ನಾನು ಕಿಟಕಿಯಲ್ಲಿ ನಿಂತೆ. ಕಂಡದ್ದನ್ನು ಬರೆ, ಊಹಿಸಿದ್ದನ್ನಲ್ಲ ಎಂದು ಕಲಿಸಿದ ಕೆಲಸ ನನ್ನದು. ಕಂಡದ್ದು ಇಷ್ಟು: ನೀಲಿ ಸ್ವೆಟರು ಹುಲ್ಲಿನ ಮೇಲೆ ಸಣ್ಣದಾಗುತ್ತಾ ಹೋಯಿತು. ಒಮ್ಮೆ ನಿಂತಿತು. ಮತ್ತೆ ಹೊರಟಿತು. ಅರ್ಧ ಏರಿನಲ್ಲಿ ಇನ್ನೊಮ್ಮೆ ನಿಂತಿತು, ಈ ಸಲ ಬಹಳ ಹೊತ್ತು. ಕೈ ಎಲ್ಲಿದೆಯೆಂದು ಅಷ್ಟು ದೂರದಿಂದ ಕಾಣಲಿಲ್ಲ. ಅಜ್ಜಿ ನನ್ನ ಹಿಂದೆ ಟೀ ಇಟ್ಟು ಹೋದರು. ನೀಲಿ ಚುಕ್ಕೆ ಅಲುಗಿತು. ಆಮೇಲೆ ಮಂಜು ಇಳಿದು ಗುಡ್ಡದ ಮೇಲರ್ಧವೇ ಇಲ್ಲವಾಯಿತು. ಟೀ ಆರಿಹೋಗಿತ್ತು.

ವ್ಯಾನಿನಲ್ಲಿ ಹಳ್ಳಿ ತಲುಪಿ, ತಂಗುಮನೆಯಲ್ಲಿ ಸಾಮಾನಿಟ್ಟು, ಹಳ್ಳಿಯ ಬೆಂಚಿನ ಮೇಲೆ ಐದೂವರೆಯಿಂದ ಕಾದೆ. ಬೆಳಕು ಕಡಿಮೆಯಾಗದೆ ಹಾಗೇ ನಿಂತಿತ್ತು. ಆರೂ ಹತ್ತಕ್ಕೆ ಇಳಿಜಾರಿನ ಹುಲ್ಲಿನೊಳಗಿಂದ ಇವರು ಬಂದರು. ಪ್ಯಾಂಟಿನ ತುಂಬ ಮುಳ್ಳುಬೀಜ.

ನೋಟ್‌ಬುಕ್ ತೆಗೆದೆ. "ಎಷ್ಟಿತ್ತು?"

"ಅರವತ್ತೆಂಟು."

"ಇಷ್ಟು ಹತ್ತಿ ಇಳಿದು ಅರವತ್ತೆಂಟಾ?"

"ಕುರಿ ಕಣೇ. ಅರ್ಧದಲ್ಲಿ ದಾರಿಗೆ ಅಡ್ಡ ಬಂದ್ವು, ಎಲ್ಲಾ ದಾಟೋವರೆಗೂ ನಿಂತಿದ್ದೆ. ಇನ್ನೊಂದನ್ನ ಎಣಿಸೋದು ಮರ್ತೇಹೋಯ್ತು."

ನನ್ನ ಪಕ್ಕದಲ್ಲಿ ಕೂತರು. ಎರಡು ಕೈಗಳೂ ಮಂಡಿಯ ಮೇಲಿದ್ದವು. ನಾನು ನೋಡುತ್ತಲೇ ಇದ್ದೆ, ಅವು ಅಲ್ಲೇ ಇದ್ದವು. ಆ ದಿನದ ಪುಟದಲ್ಲಿ ಹೊತ್ತು ಬರೆದಿದ್ದೇನೆ, ಮೈಲಿ ಬರೆದಿದ್ದೇನೆ. ನಾಡಿಯ ಜಾಗ ಖಾಲಿಯಿದೆ.

ಸೆಪ್ಟೆಂಬರಿನಲ್ಲಿ ಓಲ್ಡ್ ಬ್ರಿಡ್ಜ್‌ನಲ್ಲಿ ಸ್ಲೈಡ್ ತೋರಿಸಿದೆವು. ಹೇಳಿದಂತೆ ಬಹುಪಾಲು ಕುರಿಗಳೇ. ಅದಾದ ವಾರ ಜೆರಿಕೋದಲ್ಲಿ ಇವರು ಶೂ ಮೆಟ್ಟಿಕೊಂಡು ಹೊರಟರು. ನಮ್ಮ ಸಾಲಿನ ಹಿಂದೆ ಒಂದು ಪುಟ್ಟ ಕಾಡಿತ್ತು. ಅಲ್ಲಿಗೆ ಪಕ್ಕದ ಮನೆಯ ಹಿತ್ತಲು ದಾಟಿ ಹೋಗಬೇಕು. ನಾಲ್ಕು ವರ್ಷದಲ್ಲಿ ಆ ಮನೆಯವರೊಡನೆ ನಾವು ಕೈಬೀಸಿದ್ದು ಬಿಟ್ಟರೆ ಮಾತಾಡಿರಲಿಲ್ಲ. ಇವರು ಹುಲ್ಲುಹಾಸು ದಾಟಿ, ಅವರ ಬಾಗಿಲು ತಟ್ಟಿ, ಎರಡು ಕೈಗಳನ್ನೂ ಹಿಂದೆ ಕಟ್ಟಿಕೊಂಡು ಕಾಯುತ್ತಾ ನಿಂತರು.