ಸಪನಾ ನಂಬದ ಹೊಸ ಚಿತ್ರ
ಅಥಣಿಯ ಸಪನಾ ಸ್ವತಃ ಪರೀಕ್ಷಿಸದೆ ಏನನ್ನೂ ನಂಬುವವಳಲ್ಲ. ಗೋಡೆಯ ಗಡಿಯಾರವನ್ನು ಮೊಬೈಲಿನೊಂದಿಗೆ, ಮೊಬೈಲನ್ನು ಬಸ್ ನಿಲ್ದಾಣದ ಗಡಿಯಾರದೊಂದಿಗೆ ತಾಳೆ ನೋಡುತ್ತಾಳೆ. ಊರಿನ ಚರ್ಮದ ಚಪ್ಪಲಿಗಳನ್ನು ಬ್ರೌಸರಿನಲ್ಲಿ ತಿರುಗಿಸಿ ತೋರಿಸುವ ಗ್ರಾಫಿಕ್ಸ್ ಎಂಜಿನ್ ಅವಳದೇ ಕೈಕೆಲಸ. ಅದನ್ನು ಬ್ರೌಸರಿನಲ್ಲಿ ಚಿತ್ರ ಮೂಡಿಸುವ ಹಳೆಯ ತಂತ್ರ ವೆಬ್‌ಜಿಎಲ್‌ನಿಂದ ಹೊಸ ತಂತ್ರ ವೆಬ್‌ಜಿಪಿಯುಗೆ ಒಗ್ಗಿಸಲು ಕೂತಾಗಿನಿಂದ ಅವಳ ಸಂಶಯಕ್ಕೆ ಹಬ್ಬವೋ ಹಬ್ಬ. "ಹಳೇದು ಹೇಳಿದ್ದ ಕೇಳತಿತ್ತು. ಇದು ಎಲ್ಲಾ ಮೊದಲ ಬರದ ಕೊಡು ಅಂತೈತಿ. ಏನೋ ಮುಚ್ಚಿಡಾಕತ್ತೈತಿ," ಎನ್ನುತ್ತ ಹಳೆಯ, ಹೊಸ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಚುಕ್ಕಿಗೆ ಚುಕ್ಕಿ ಹೋಲಿಸುತ್ತಾಳೆ. ಒಂದು ದಿನ ಕಳ್ಳ ಸಿಕ್ಕೇ ಬಿಟ್ಟ: ಹೊಸ ಚಿತ್ರದಲ್ಲಿ ಚರ್ಮದ ಬಣ್ಣ ಗಾಢವಾಗಿತ್ತು. ಸಾಕ್ಷಿ ಹೇಳಲು ಚಪ್ಪಲಿ ಹೊಲಿಯುವ ತಾಯಿ ಅಕ್ಕುತಾಯಿಯನ್ನು ಕರೆದಳು. ಅಕ್ಕುತಾಯಿ ಕೈಯಲ್ಲಿದ್ದ ಚಪ್ಪಲಿಯನ್ನು ಪರದೆಯ ಪಕ್ಕ ಹಿಡಿದು, "ಹೊಸದ ಖರೆ ಐತಿ. ಹಳೇದು ಮೊದಲಿಂದಾನೂ ಬೆಳ್ಳಗ ತೋರಸ್ತಿತ್ತು," ಎಂದಳು. ಸಪನಾ ಹಳೆಯ ಕೋಡು ತೆರೆದಳು. ಬಣ್ಣವನ್ನು ಎರಡೆರಡು ಸಲ ತಿಳಿಗೊಳಿಸುವ ಸಾಲು ಅಲ್ಲಿತ್ತು, ಬರೆದವಳು ತಾನೇ. "ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲ ಬೇ?" ಎಂದು ಮೆಲ್ಲಗೆ ಕೇಳಿದಳು. "ನೀ ಮಾಡಿದ್ದಲಾ, ಅದು ಖರೆನ ಇರತೈತಿ," ಎಂದಳು ಅಕ್ಕುತಾಯಿ. "ನನ್ನ ಕಣ್ಣ ಮಂಜಾಗ್ಯಾವು ಅನಕೊಂಡಿದ್ದೆ."