ಸಾಹೇಬರ ಬೂಟು

ಕೌಜಲಗಿಯ ಶಾಲೆಯಲ್ಲಿ ನಾನು ಕಲಿಸುವ ಒಂದನೇ ತರಗತಿಯಲ್ಲಿ ಮೊನ್ನೆ ಒಂದು ರಬ್ಬರು ನಾಪತ್ತೆಯಾಗಿ ಆಡಳಿತ ಸಂಪೂರ್ಣ ಕುಸಿದುಬಿತ್ತು. ಕಳೆದುಕೊಂಡವನು ಅಳುತ್ತಿದ್ದ; ಅವನು ಅಳುತ್ತಾನೆಂದು ಪಕ್ಕದವನೂ ಅಳುತ್ತಿದ್ದ. ಇನ್ನೊಬ್ಬನ ಚಡ್ಡಿ ಒದ್ದೆಯಾಗಿತ್ತು. ನನ್ನ ಗಂಟಲು ಊಟದ ಗಂಟೆಗೆ ಮೊದಲೇ ಕೈಕೊಟ್ಟಿತ್ತು. ಇದರ ನಡುವೆ ಗೋಕಾಕದಿಂದ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬಂದರು.

ನನ್ನ ಚಿಂತೆಯೆಲ್ಲ ರೇಣುಕಾಳದು. ಶಾಲೆಗೆ ಸೇರಿದಂದಿನಿಂದ ಅವಳು ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. "ಇವತ್ತರ ಮಾತಾಡಿದಳೇನ್ರಿ ಅಕ್ಕೋರ?" ಎಂದು ಅವಳವ್ವ ದಿನಾ ಸಂಜೆ ಗೇಟಿನಲ್ಲಿ ಕೇಳುತ್ತಿದ್ದಳು. ಸಾಹೇಬರು ನೆಟ್ಟಗೆ ಹೋಗಿ ಅವಳ ಮುಂದೆಯೇ ನಿಂತರು.

"ನಿನ್ನ ಹೆಸರೇನವ್ವಾ?"

ರೇಣುಕಾ ಅವರ ಮುಖ ನೋಡಲಿಲ್ಲ, ಕಾಲು ನೋಡಿದಳು.

"ಬೂಟ ಹೊರಗ ಬಿಟ್ಟು ಬರ್ರಿ. ನಾವು ಇಲ್ಲೇ ಕುಂತು ಉಣತೇವಿ."

ಮೊದಲ ದಿನದಿಂದ ನಾನು ಗಂಟಲು ಹರಿದುಕೊಂಡು ಹೇಳುತ್ತಿದ್ದ ಮಾತು ಅದು. ಯಾರಾದರೂ ಕೇಳಿಸಿಕೊಂಡಿದ್ದಾರೆಂಬ ಅನುಮಾನ ನನಗೆ ಬಂದಿರಲಿಲ್ಲ.

ಸಾಹೇಬರು ನನ್ನತ್ತ ತಿರುಗಿದರು. "ಇದನ್ನ ನೀವ ಕಲಿಸೀರೇನ್ರಿ?"

"ಹೌದ್ರಿ, ನಾನ ಕಲಿಸೇನಿ," ಎಂದೆ, ಉಳಿದಿದ್ದ ಅಷ್ಟೂ ದನಿಯಲ್ಲಿ. ಇಲಾಖೆಗೆ ಹೀಗೆ ತಲೆಯೆತ್ತಿ ಉತ್ತರ ಕೊಟ್ಟದ್ದು ಅದೇ ಮೊದಲು.

ಸಾಹೇಬರು ಹೊರಗೆ ಹೋಗಿ ಬೂಟು ಬಿಚ್ಚಿಟ್ಟು ಬಂದರು. ಸಂಜೆ ರೇಣುಕಾಳ ಅವ್ವನಿಗೆ ಸುದ್ದಿ ಮುಟ್ಟಿಸಿದೆ. ರಬ್ಬರು ಸಿಗಲಿಲ್ಲ.