ತೋಳಿನ ಮೇಲಿನ ಗೀರು

ದಾನಿಯೇಲಪ್ಪ ಮಾಸ್ಟರ್ ನಿಮ್ಮ ತೋಳಿನ ಮೇಲೆ ಸೀಮೆಸುಣ್ಣದ ಗೀರು ಎಳೆದರೆಂದರೆ ಮುಂದಿನ ಭಾನುವಾರ ನಿಮಗೆ ಬಿಡುಗಡೆಯಿರಲಿಲ್ಲ. ಅಂಗಿ ಬಿಳಿಯಾದರೆ ನೀಲಿ ಸುಣ್ಣ, ಬಣ್ಣದ್ದಾದರೆ ಬಿಳಿ. ಎರಡೂ ತುಂಡುಗಳು ಎದೆಯ ಜೇಬಿನಲ್ಲೇ ಇರುತ್ತಿದ್ದವು, ಕೊರಳಲ್ಲಿ ಟೇಪು. ಆಂಧ್ರದ ಗಡಿಯ ನಮ್ಮ ರಾಯದುರ್ಗದ ಜೀನ್ಸ್ ಹೊಲಿಯುವ ಓಣಿಯಲ್ಲಿ ಅವರು ಕಟಿಂಗ್ ಮಾಸ್ಟರ್. ವಾರವೆಲ್ಲ ಪ್ಯಾಂಟು ಕತ್ತರಿಸಿ, ಭಾನುವಾರ ನಮ್ಮ ಪುಟ್ಟ ಲೂಥರನ್ ಕ್ರೈಸ್ತ ದೇವಾಲಯದಲ್ಲಿ ಮನುಷ್ಯರನ್ನು ಕತ್ತರಿಸುತ್ತಾರೆ ಎಂದು ನನ್ನ ತಮ್ಮ ನಗುತ್ತಿದ್ದ.

ನಮ್ಮ ಪಾಸ್ಟರಿಗೆ, ಅಂದರೆ ಎಲ್ಲರೂ ಕರೆಯುವಂತೆ ಅಯ್ಯಗಾರಿಗೆ, ಹತ್ತಾರು ಊರುಗಳ ಹೊಣೆ. ತಿಂಗಳಿಗೊಮ್ಮೆ ಬಂದು ತೆಲುಗಿನಲ್ಲಿ ಆರಾಧನೆ ನಡೆಸಿ, ರೊಟ್ಟಿ ದ್ರಾಕ್ಷಾರಸದ ಪ್ರಭು ಭೋಜನ ಕೊಟ್ಟು, ಊಟ ಮಾಡಿ ಹೋಗುತ್ತಿದ್ದರು. ಉಳಿದ ಭಾನುವಾರಗಳು ಮಾಸ್ಟರ್ ಕೈಯಲ್ಲಿ. ಅವರು ಬೈಬಲ್ ಪಾಠ ಓದಿ, ಪೀಠದ ಮೇಲೆ ನಿಲ್ಲದೆ ಕೆಳಗಿಳಿದು, ನಮ್ಮ ನಡುವೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. “ಯಾರಿಗಾರ ಏನಾರ ಅನುಮಾನ ಐತೇನ್ರಿ?” ಅನುಮಾನ ಇದ್ದವರು ಕೇಳುತ್ತಿದ್ದರು. ಮಾಸ್ಟರ್ ಉತ್ತರ ಹೇಳುತ್ತಿರಲಿಲ್ಲ. ಎದ್ದು ಬಂದು ತೋಳಿನ ಮೇಲೆ ಗೀರು ಎಳೆಯುತ್ತಿದ್ದರು. “ಕೇಳಿದವರೇ ಹೇಳಬೇಕು. ವಾರ ಪೂರ್ತಿ ಟೈಮ್ ಐತಿ.”

ಪ್ಯಾಂಟಿನ ದಾರ ಕತ್ತರಿಸುವ ಕೆಲಸದ ರತ್ನಮ್ಮ ಒಮ್ಮೆ ಗೋಗರೆದಳು: “ನಂಗ ಓದಾಕ ಬರಲ್ರಿ ಮಾಸ್ಟ್ರ.”

“ಕೇಳಾಕ ಬಂತಲ್ಲವ್ವಾ? ಅದ ಬಾಯಿಲೆ ಹೇಳು. ಮನಿಯಾಗ ಮಗಳು ಓದ್ಲಿ, ನೀ ಯೋಚ್ನಿ ಮಾಡು.”

ಅವಳು ಹೇಳಿದಳು. ಏನು ಹೇಳಿದಳೋ ನನಗೆ ನೆನಪಿಲ್ಲ. ಹೇಳುವಾಗ ಸೆರಗಿನ ತುದಿಯನ್ನು ಬಿಗಿಯಾಗಿ ತಿರುಚುತ್ತಿದ್ದುದಷ್ಟೇ ನೆನಪಿದೆ. ಅದೂ ಬೇರೆ ಯಾವುದೋ ಹೆಂಗಸಿನ ಸೆರಗಿರಬಹುದು.

ಈ ಕಷ್ಟ ಯಾಕೆಂದು ಕೇಳಿದರೆ ಮಾಸ್ಟರ್ ಅನ್ನುತ್ತಿದ್ದರು: “ಅಯ್ಯಗಾರು ಬಸ್ ಇದ್ದಂಗಪಾ. ಬಂದ್ರ ಬಂತು, ಇಲ್ಲಂದ್ರ ಇಲ್ಲ. ನಡಿಯೋದು ಕಲ್ತಿರಬೇಕು.”

ಅವರು ವಿನಯವಂತರೇನೂ ಅಲ್ಲ. ತಪ್ಪನ್ನೂ ಗಟ್ಟಿ ದನಿಯಲ್ಲೇ ಹೇಳುತ್ತಿದ್ದರು. ನಮ್ಮ ಪಂಥ ಹುಟ್ಟುಹಾಕಿದ ಲೂಥರ್ ದರ್ಜಿಯ ಮಗ ಎಂದು ಅದೆಲ್ಲಿಂದಲೋ ನಂಬಿಕೊಂಡಿದ್ದರು. ಗಣಿ ಕೆಲಸದವನ ಮಗ ಎಂದು ನಾನು ತಿದ್ದಿದರೆ, “ಗಣಿಯವರು ಬಟ್ಟಿ ಹಾಕ್ಕಂತಿದ್ದಿಲ್ಲೇನು?” ಎಂದು ನನ್ನನ್ನೇ ಗದರಿದರು. ನನ್ನನ್ನು ಅವರು ಹೆಸರಿನಿಂದ ಕರೆದದ್ದೇ ಇಲ್ಲ. “ಏನಪಾ ಎಂ.ಎ.?” ಅಷ್ಟೇ.

ಅನಂತಪುರದಲ್ಲಿ ಎಂ.ಎ. ಓದುವಾಗಲೇ ನನ್ನ ನಂಬಿಕೆ ಹೋಗಿತ್ತು. ರಜೆಗೆ ಬಂದಾಗ ಹಾಡಿಗಾಗಿ ದೇವಾಲಯಕ್ಕೆ ಹೋಗುತ್ತಿದ್ದೆ. ಅಂಥ ಒಂದು ಭಾನುವಾರ ಕೇಳಿದೆ: ಯೇಸು ಹಸಿದು ಅಂಜೂರದ ಗಿಡದ ಹತ್ತಿರ ಹೋದ, ಅದು ಹಣ್ಣಿನ ಕಾಲವೇ ಅಲ್ಲ, ಆದರೂ ಗಿಡವನ್ನು ಶಪಿಸಿದ, ಗಿಡ ಮಾಡಿದ ತಪ್ಪೇನು? ಈ ಪ್ರಶ್ನೆ ಕೇಳಿದ್ದು ತಾನೆಂದು ನನ್ನ ತಮ್ಮ ಇಂದಿಗೂ ವಾದಿಸುತ್ತಾನೆ. ಇರಬಹುದು. ಆದರೆ ಬಿಳಿ ಅಂಗಿಯ ಮೇಲೆ ನೀಲಿ ಗೀರು ಬಿದ್ದದ್ದು ನನಗೆ ಕಾಣುತ್ತಿದೆ.

ಮಾಸ್ಟರಿಗೂ ಉತ್ತರ ಗೊತ್ತಿರಲಿಲ್ಲ. ಆ ವಾರ ತಮ್ಮ ಟಿವಿಎಸ್ ಗಾಡಿಯ ಹಿಂದೆ ನನ್ನನ್ನು ಕೂರಿಸಿಕೊಂಡು, ಕಣೇಕಲ್ಲಿನ ದಾರಿಯಲ್ಲಿದ್ದ ಅಂಜೂರದ ತೋಟವೊಂದಕ್ಕೆ ಕರೆದೊಯ್ದರು. ತೋಟದ ಯಜಮಾನ ಹಣೆಯ ತುಂಬ ವಿಭೂತಿ ಹಚ್ಚಿಕೊಂಡಿದ್ದ ಮುದುಕ. ಕಥೆಯನ್ನು ಪೂರ್ತಿ ಕೇಳಿ, “ಗಿಡದ್ದೇನೂ ತಪ್ಪಿಲ್ಲ ಬಿಡ್ರಿ,” ಎಂದ. “ಹಸಿದಾಗ ನಿಮ್ಮ ದೇವರಿಗೂ ಸಿಟ್ಟು ಬರ್ತೈತಿ ಅಂದಂಗಾತು. ನಮ್ಮ ಶಿವಪ್ಪ ಹೊಟ್ಟಿ ತುಂಬಿದ್ರೂ ಸಿಟ್ಟಾಗ್ತಾನ.”

ಮಾಸ್ಟರ್ ಟೇಪು ಜಾರಿ ಬೀಳುವಷ್ಟು ನಕ್ಕರು. “ಇದನ್ನ ಹೇಳ್ತೀಯೇನಪಾ ಎಂ.ಎ.?” ಭಾನುವಾರ ದೇವಾಲಯದಲ್ಲಿ ನಾನು ಅದನ್ನೇ ಹೇಳಿದೆ. ಯಾರೂ ಎದ್ದು ಹೋಗಲಿಲ್ಲ. ಮಾಸ್ಟರ್ ಮಾತ್ರ, “ಉತ್ತರ ಇನ್ನೂ ಬಂದಿಲ್ಲ, ಹುಡುಕ್ತಿರು,” ಅಂದರು.

ಇಷ್ಟೆಲ್ಲ ಮಾಡಿದ್ದರ ಫಲ ಏನಾಯಿತೆಂದರೆ, ಜನ ಕೇಳುವುದನ್ನೇ ಬಿಟ್ಟರು. ಹೊಲಿಗೆ ಓಣಿಯಲ್ಲಿ ದುಡಿದು ಬಂದವರು. ವಾರವೆಲ್ಲ ಒಂದು ಗೀರು ಹೊತ್ತು ತಿರುಗಲು ಯಾರಿಗೆ ಪುರುಸೊತ್ತು? ದೇವಾಲಯದ ಒಳಗೆ ಪ್ರಶ್ನೆಯಂಥದ್ದು ಯಾವುದೂ ಬಾಯಿಂದ ಬರದಂತೆ ನಾಲಿಗೆಗಳು ಪಳಗಿದವು. “ಫ್ಯಾನ್ ಹಾಕ್ಲೇನು?” ಎಂದು ರತ್ನಮ್ಮ ಕೇಳುತ್ತಿರಲಿಲ್ಲ, “ಫ್ಯಾನ್ ಹಾಕ್ತೀನ್ರಿ,” ಎಂದು ಹೇಳಿ ಹಾಕುತ್ತಿದ್ದಳು. ಮಾಸ್ಟರ್ ಸುಣ್ಣ ಹಿಡಿದು ಕಾಯುತ್ತಿದ್ದರು. ಎಲ್ಲರೂ ನೆಲ ನೋಡುತ್ತಿದ್ದರು. ಕೊನೆಗೆ ಅವರೇ ಪಾಠದ ಮೇಲೆ ನಾಲ್ಕು ಮಾತು ಹೇಳುತ್ತಿದ್ದರು. ಹೀಗೆ ವರ್ಷಗಳು ಹೋದವು.

ಆಮೇಲೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತೂ ಬಹುಮಟ್ಟಿಗೆ ಬಿತ್ತು. ಮಗಳು ಸುಗುಣ ತನ್ನ ಗಂಡನ ಊರಾದ ಮಡಕಶಿರಕ್ಕೆ ಕರೆದೊಯ್ದಳು. ನಾನು ಅಲ್ಲೇ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ತಮ್ಮನ ಮನೆಗೆಂದು ಆಗಾಗ ರಾಯದುರ್ಗಕ್ಕೆ ಹೋಗುತ್ತೇನೆ. ಅಲ್ಲಿ ಭಾನುವಾರ ಜನ ಸೇರುತ್ತಿದ್ದರು. ಹಾಡುತ್ತಿದ್ದರು, ಪಾಠ ಓದುತ್ತಿದ್ದರು. ಬಳಿಕ ಮಾಸ್ಟರ್ ಕುರ್ಚಿಯ ಕಡೆ ನೋಡುತ್ತ ಕೂತು, ಎದ್ದು ಹೋಗುತ್ತಿದ್ದರು. ಅವರ ಜಾಗದಲ್ಲಿ ಮಾತಾಡುವುದು ಅವರಿಗೆ ಮಾಡುವ ಅವಮಾನ ಎಂದು ಎಲ್ಲರ ಎಣಿಕೆ. ಬರುವವರು ಕಡಿಮೆಯಾದರು. ಅಯ್ಯಗಾರು ನೊಂದುಕೊಂಡೇ ಹೇಳಿದರು: ವಾರವಾರ ನಡೆಸುವವರು ಇಲ್ಲದಿದ್ದರೆ ಬೀಗ ಹಾಕೋಣ, ತಿಂಗಳಿಗೊಮ್ಮೆ ನಾನು ಬಂದಾಗ ತೆಗೆದರಾಯಿತು.

ಈ ಮಾತು ಮಾಸ್ಟರ್ ಕಿವಿಗೂ ಬಿದ್ದಿತ್ತು. ನಾನು ಮಡಕಶಿರದ ಮನೆಗೆ ಹೋದಾಗ ಸುಗುಣ ಬಾಗಿಲಲ್ಲೇ ಹೇಳಿದಳು. ಮದುವೆಯಾಗಿ ಬಂದ ಮೇಲೆ ಅವಳ ಕನ್ನಡ ಸಿರಾ ಕಡೆಗೆ ತಿರುಗಿದೆ. “ಬಾರಣ್ಣ. ಬೀಗದ ಸುದ್ದಿ ಕೇಳ್ದಾಗಿಂದ ಅದೊಂದೇ ಮಾತು ಕಣಣ್ಣ. ನೀರು ಕೊಟ್ರೂ ಅದೇ, ಗಂಜಿ ಕೊಟ್ರೂ ಅದೇ.”

ಮಂಚದ ಮೇಲೆ ಟೇಪಿಲ್ಲದ ಕೊರಳು ಯಾರದೋ ಕೊರಳಿನಂತಿತ್ತು. ನನ್ನನ್ನು ನೋಡಿದ ಕೂಡಲೇ ತುಟಿ ಒಂದು ಕಡೆಗೆ ಎಳೆಯಿತು. “ಭಾನುವಾರ ಯಾರು?”

ರತ್ನಮ್ಮ ಹೇಳುತ್ತಾಳೆ ಎಂದೆ. ಅಲ್ಲವೆಂಬಂತೆ ತಲೆಯಾಡಿಸಿದರು. ಯಾರಾದರೂ ನಿಲ್ಲುತ್ತಾರೆ ಮಾಸ್ಟ್ರೇ ಎಂದೆ. “ಭಾನುವಾರ ಯಾರು?” ನಾನು ಅವರ ಹೊದಿಕೆ ಸರಿ ಮಾಡಿದೆ.

ಆಗ ಅವರ ಎಡಗೈ ಎದೆಯ ಜೇಬನ್ನು ತಡಕಿತು. ಜೇಬು ಖಾಲಿ. ಆ ಕೈ ಮೆಲ್ಲಗೆ ಆಚೆ ಹೋಗಿ, ಜೀವವಿಲ್ಲದ ಬಲತೋಳಿನ ಮೇಲೆ ಬೆರಳಿನಿಂದ ಒಂದು ಗೀರು ಎಳೆಯಿತು. ಕೇಳಿದವರು ಅವರು, ಹೇಳಬೇಕಾದವರೂ ಅವರೇ. ಗೀರು ಎಳೆದದ್ದೋ, ಸುಮ್ಮನೆ ತುರಿಸಿಕೊಂಡದ್ದೋ? ಸುಗುಣ ಅಡಿಗೆಮನೆಯಲ್ಲಿದ್ದಳು. ನೋಡಿದವನು ನಾನೊಬ್ಬನೇ, ನನ್ನ ಸಾಕ್ಷ್ಯವನ್ನು ನಾನೇ ಒಪ್ಪುವುದಿಲ್ಲ.

ಮುಂದಿನ ಭಾನುವಾರದ ಒಳಗೇ ಅವರು ತೀರಿಕೊಂಡರು. ರಾಯದುರ್ಗಕ್ಕೆ ತಂದು ಮಣ್ಣು ಮಾಡಿದೆವು. ಆ ಭಾನುವಾರ ದೇವಾಲಯ ತುಂಬಿತ್ತು. ಹಾಡಾಯಿತು, ಪಾಠವಾಯಿತು. ಬಳಿಕ ಎಂದಿನಂತೆ ಎಲ್ಲರೂ ಕುರ್ಚಿಯ ಕಡೆ ನೋಡುತ್ತ ಕೂತರು. ಕುರ್ಚಿ ನಡುವೆ ಇತ್ತು, ಅದರ ಮೇಲೆ ಯಾರೋ ಅವರ ಟೇಪು ಮತ್ತು ಸುಣ್ಣದ ತುಂಡುಗಳನ್ನು ಇಟ್ಟಿದ್ದರು. ಮುಂದಿನ ಸಾಲಿನ ಮುದುಕರೊಬ್ಬರು ಚಪ್ಪಲಿ ಹುಡುಕಲು ಬಗ್ಗಿದರು. ನನಗೆ ತಡೆಯಲಾಗಲಿಲ್ಲ.

“ಯಾಕ್ರಿ, ಯಾರೂ ಹೇಳಂಗಿಲ್ಲೇನು?”

ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಆಮೇಲೆ ನನಗೆ ಹೊಳೆಯಿತು, ನಾನು ಪ್ರಶ್ನೆ ಕೇಳಿಬಿಟ್ಟಿದ್ದೆ. ರತ್ನಮ್ಮ ಆಗಲೇ ಎದ್ದಾಗಿತ್ತು. ಕುರ್ಚಿಯ ಮೇಲಿನ ಸುಣ್ಣ ತಗೊಂಡು, ನನ್ನ ಅಂಗಿಯ ಬಣ್ಣ ನೋಡಿ, ಅದನ್ನಿಟ್ಟು ಇನ್ನೊಂದು ತುಂಡು ಆರಿಸಿಕೊಂಡಳು.

“ರತ್ನಮ್ಮಾ, ನನಗೆ ನಂಬಿಕೆ ಇಲ್ಲ.”

“ಅದನ್ನ ಹೇಳ್ರಿ ಸಾರ್,” ಎಂದಳು. “ವಾರ ಪೂರ್ತಿ ಟೈಮ್ ಐತಿ.”

ಮಡಕಶಿರದ ಬಸ್ಸು ತುಂಬಿತ್ತು. ನಿಂತುಕೊಂಡೇ ಬಂದೆ. ಈ ನೂಕುನುಗ್ಗಲಿಗೆ ಗೀರು ಒರೆಸಿಹೋದರೆ ಸಾಕಪ್ಪ ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಕಲ್ಯಾಣದುರ್ಗದಲ್ಲಿ ಕಂಡಕ್ಟರ್, “ತೋಳಿಗೆ ಪೆಟ್ಟಾಗೈತೇನ್ರಿ?” ಎಂದು ಕೇಳಿದಾಗ ನೋಡಿಕೊಂಡೆ. ಯಾರೂ ತಾಗದಂತೆ ನನ್ನ ಇನ್ನೊಂದು ಕೈ ಅದನ್ನು ಮುಚ್ಚಿ ಹಿಡಿದಿತ್ತು.